ಚಿಕ್ಕಪ್ಪನ ಕೆಮ್ಮು

ಇಂಜೆಕ್ಷನ್ ಶುರು ಮಾಡುವ ಮೊದಲು ಡಾಕ್ಟರು ಹತ್ತಾರು ಪ್ರಶ್ನೆ ಕೇಳಿದರು. ಅದರಲ್ಲಿ ಒಂದು ನನಗೆ ಇವತ್ತಿಗೂ ಅಕ್ಷರ ತಪ್ಪದೆ ನೆನಪಿದೆ. ‘ಮನೇಲಿ ಯಾರಿಗಾದ್ರೂ ಟಿಬಿ ಆಗಿತ್ತಾಮ್ಮಾ? ನೀವು ಚಿಕ್ಕವರಿದ್ದಾಗಲೂ ಸರಿ, ಜೊತೇಲಿದ್ದೋರು ಯಾರಿಗಾದ್ರೂ?’ ನಾನು ಯೋಚನೆಯನ್ನೂ ಮಾಡಲಿಲ್ಲ. ‘ಇಲ್ಲ ಡಾಕ್ಟ್ರೇ’ ಅಂದೆ. ಅವರು ಚೀಟಿಯಲ್ಲಿ ಗುರುತು ಹಾಕಿಕೊಂಡು ಮುಂದಿನ ಪ್ರಶ್ನೆಗೆ ಹೋದರು. ಅದು 2018ರ ಜೂನ್. ಶಾಲೆ ಆಗಷ್ಟೇ ಶುರುವಾಗಿತ್ತು.

ನಾನು ತುಮಕೂರು ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಡಂ. ನನ್ನ ಮೂವತ್ನಾಲ್ಕನೇ ವಯಸ್ಸಿನಲ್ಲಿ ಬೆಳಿಗ್ಗೆ ಏಳುವ ಹೊತ್ತಿಗೆ ಬೆರಳಿನ ಗೆಣ್ಣುಗಳು ಬಿಗಿದುಕೊಂಡಿರಲು ಶುರುವಾಯಿತು. ಮೊದಮೊದಲು ಅರ್ಧ ಗಂಟೆ, ಆಮೇಲಾಮೇಲೆ ಎರಡು ಗಂಟೆ. ಸೀಮೆಸುಣ್ಣ ಹಿಡಿಯಲಾಗದೆ ಹುಡುಗರಿಂದಲೇ ಬೋರ್ಡಿನ ಮೇಲೆ ಲೆಕ್ಕ ಬರೆಸುತ್ತಿದ್ದೆ. ಸ್ನಾನದ ಚೊಂಬನ್ನು ಎರಡೂ ಕೈಯಲ್ಲಿ ಎತ್ತಬೇಕಿತ್ತು. ಒದ್ದೆ ಬಟ್ಟೆ ಹಿಂಡುವುದು, ಮುದ್ದೆ ತಿರುವುವುದು ಎರಡೂ ಕೈಬಿಟ್ಟು ಹೋದವು. ಕಾಯಿಲೆಯ ಹೆಸರು ರುಮಟಾಯ್ಡ್ ಆರ್ಥ್ರೈಟಿಸ್. ನಮ್ಮನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ನಮ್ಮ ಕೀಲುಗಳ ಒಳಪದರದ ಮೇಲೆ ತಿರುಗಿ ಬೀಳುವ ಕಾಯಿಲೆ.

ಮೆಥೋಟ್ರೆಕ್ಸೇಟ್ ಮಾತ್ರೆಯಿಂದ ಕೆಲವು ವರ್ಷ ದೂಡಿದೆ. ಅದು ವಾರಕ್ಕೆ ಒಂದೇ ದಿನ ನುಂಗುವ ಮಾತ್ರೆ. ಗೊತ್ತಿಲ್ಲದೆ ದಿನಾ ನುಂಗಿ ರಕ್ತಕಣ ಕುಸಿದು ಜೀವಕ್ಕೆ ಸಂಚಕಾರ ತಂದುಕೊಂಡವರಿದ್ದಾರೆ. ಹಾಗಾಗಿ ಡಬ್ಬಿಯ ಮೇಲೆ ‘ಸೋಮವಾರ’ ಅಂತ ದಪ್ಪಕ್ಷರದಲ್ಲಿ ಬರೆದಿಟ್ಟುಕೊಂಡಿದ್ದೆ. ಜೊತೆಗೆ ಬೇರೆ ಎರಡು ಮಾತ್ರೆ, ಊತ ಜಾಸ್ತಿಯಾದಾಗ ಸ್ಟೆರಾಯ್ಡ್. ಐದಾರು ವರ್ಷದ ಮೇಲೆ ಅವೂ ಸಾಲದಾದವು. ಎಡ ಮಣಿಕಟ್ಟಿನ ಮೂಳೆ ಸವೆದಿರುವುದು ಎಕ್ಸ್‌ರೇಯಲ್ಲಿ ಕಂಡಿತು. ಆಗ ಡಾಕ್ಟರು ಬಯಲಾಜಿಕ್ ಇಂಜೆಕ್ಷನ್ ಮಾತೆತ್ತಿದರು.

ನನಗೆ ಬರೆದದ್ದು ಅಡಾಲಿಮುಮ್ಯಾಬ್. ಎರಡು ವಾರಕ್ಕೊಮ್ಮೆ 40 ಮಿಲಿಗ್ರಾಂ, ತೊಡೆಗೋ ಹೊಟ್ಟೆಗೋ ಚರ್ಮದ ಕೆಳಗೆ ನಾವೇ ಚುಚ್ಚಿಕೊಳ್ಳಬಹುದು. 2014ರ ಕೊನೆಯಿಂದ ನಮ್ಮ ದೇಶದಲ್ಲೇ ತಯಾರಾಗುತ್ತಿರುವುದರಿಂದ ಬೆಲೆ ಇಳಿದಿತ್ತು. ಆದರೂ ನನ್ನ ಸಂಬಳದ ದೊಡ್ಡ ಪಾಲನ್ನು ಅದೇ ನುಂಗುತ್ತಿತ್ತು. ಶುರುವಿಗೆ ಮೊದಲು ಎದೆಯ ಎಕ್ಸ್‌ರೇ, ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿ ರಕ್ತಪರೀಕ್ಷೆ, ಮುಂಗೈಗೆ ಮಾಂಟೂ ಪರೀಕ್ಷೆ, ಇಷ್ಟೂ ಆದವು. ಎಕ್ಸ್‌ರೇ ಶುಭ್ರವಾಗಿತ್ತು. ಮಾಂಟೂ ಚುಚ್ಚಿದ ಜಾಗ ಮೂರನೇ ದಿನಕ್ಕೂ ಊದಿಕೊಳ್ಳಲಿಲ್ಲ. ‘ನೆಗೆಟಿವ್’ ಅಂತ ಬರೆದುಕೊಟ್ಟರು. ಆಗ ನಾನು ದಿನಕ್ಕೆ 10 ಮಿಲಿಗ್ರಾಂ ಸ್ಟೆರಾಯ್ಡ್ ನುಂಗುತ್ತಿದ್ದೆ. ಸ್ಟೆರಾಯ್ಡ್ ತೆಗೆದುಕೊಳ್ಳುತ್ತಿರುವವರಲ್ಲಿ, ಒಳಗೆ ಕ್ಷಯದ ಕ್ರಿಮಿ ಇದ್ದರೂ ಮಾಂಟೂ ಊದದೇ ಇರಬಹುದು. ಇಂಥವರಿಗೆ ಐಜಿಆರ್‌ಎ ಎಂಬ ರಕ್ತಪರೀಕ್ಷೆಯನ್ನೂ ಜೊತೆಗೆ ಮಾಡಿಸುವುದು ವಾಡಿಕೆ. ಅದನ್ನು ನನಗೆ ಯಾರೂ ಹೇಳಲಿಲ್ಲ. ಕೇಳಬೇಕು ಅಂತ ನನಗೂ ಗೊತ್ತಿರಲಿಲ್ಲ.

ಇಂಜೆಕ್ಷನ್ ಕೊಟ್ಟ ಸುಖವನ್ನು ಮುಚ್ಚಿಡಲಾರೆ. ಮೂರನೆಯದು ಆದ ವಾರ ಬೆಳಿಗ್ಗೆ ಎದ್ದು ಕೈ ಮುಷ್ಟಿ ಕಟ್ಟಿದೆ, ಬೆರಳುಗಳು ಅಂಗೈಗೆ ಮುಟ್ಟಿದವು. ಮಂಚದ ಮೇಲೆ ಕೂತು ಹತ್ತು ಸಲ ಮುಷ್ಟಿ ಕಟ್ಟಿ ಬಿಚ್ಚಿ ನೋಡಿದೆ. ಆ ರಾತ್ರಿ ಅತ್ತೆಯ ಕೈಯಿಂದ ಕೋಲು ಇಸಿದುಕೊಂಡು ನಾನೇ ಮುದ್ದೆ ತಿರುವಿದೆ. ಮುಂದೆ ಬರೆಯುವುದನ್ನು ಓದಿ ಯಾರೂ ಈ ಔಷಧಿಗೆ ಹೆದರಿ ಹಿಂಜರಿಯಬಾರದು. ಅದಕ್ಕೇ ಇದನ್ನು ಮೊದಲು ಹೇಳುತ್ತಿದ್ದೇನೆ.

ದಸರಾ ರಜೆ ಮುಗಿದು ದೀಪಾವಳಿ ಹತ್ತಿರ ಬಂದಿತ್ತು. ಸಂಜೆ ನಾಲ್ಕಾದರೆ ಮೈ ಬೆಚ್ಚಗಾಗುತ್ತಿತ್ತು. ನೂರು ಡಿಗ್ರಿ, ಅದಕ್ಕಿಂತ ಹೆಚ್ಚಿಲ್ಲ. ರಾತ್ರಿ ಎರಡರ ಹೊತ್ತಿಗೆ ರವಿಕೆ, ದಿಂಬು ಎಲ್ಲ ಬೆವರಿನಲ್ಲಿ ತೊಯ್ದು ಹೋಗಿರುತ್ತಿತ್ತು. ಕೆಮ್ಮು ಇರಲಿಲ್ಲ. ಊರಿನ ಕ್ಲಿನಿಕ್ಕಿನಲ್ಲಿ ಮೊದಲು ವೈರಲ್ ಜ್ವರ ಅಂದರು, ಆಮೇಲೆ ವಿಡಾಲ್ ಪರೀಕ್ಷೆ ಮಾಡಿ ಟೈಫಾಯಿಡ್ ಅಂದರು. ‘ಬೇರೆ ಯಾವ ಮಾತ್ರೆ ತಗೋತಿದೀರಿ?’ ಅಂತ ಕೇಳಿದ್ದರು. ಗಂಟುನೋವಿನ ಮಾತ್ರೆಗಳ ಹೆಸರು ಹೇಳಿದೆ. ಇಂಜೆಕ್ಷನ್ ವಿಷಯ ಹೇಳಲಿಲ್ಲ. ಅವರು ಕೇಳಿದ್ದು ಮಾತ್ರೆ, ಫ್ರಿಜ್ಜಿನಲ್ಲಿಟ್ಟುಕೊಂಡು ಹದಿನೈದು ದಿನಕ್ಕೊಮ್ಮೆ ಚುಚ್ಚಿಕೊಳ್ಳುವುದು ಅದರ ಲೆಕ್ಕಕ್ಕೆ ಸೇರುತ್ತದೆ ಅಂತ ನನ್ನ ತಲೆಗೇ ಬರಲಿಲ್ಲ. ಎರಡು ಕೋರ್ಸ್ ಆಂಟಿಬಯಾಟಿಕ್ ಮುಗಿದವು. 54 ಕೆಜಿ ಇದ್ದವಳು 46ಕ್ಕೆ ಇಳಿದೆ. ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು.

ಇದೆಲ್ಲದರ ನಡುವೆ ಇಂಜೆಕ್ಷನ್ ಮಾತ್ರ ತಪ್ಪಿಸಲಿಲ್ಲ. ಜ್ವರದ ಮೈಯಲ್ಲೇ ಮೂರು ಸಲ ಚುಚ್ಚಿಕೊಂಡೆ. ಬಿಟ್ಟರೆ ಬೆರಳು ಮತ್ತೆ ಬಿಗಿದುಕೊಂಡುಬಿಟ್ಟಾವು ಎಂಬ ಭಯ, ಅಷ್ಟು ದುಡ್ಡು ಕೊಟ್ಟು ತಂದದ್ದು ಫ್ರಿಜ್ಜಿನಲ್ಲೇ ಅವಧಿ ಮುಗಿದು ಹೋಗುತ್ತದಲ್ಲ ಎಂಬ ಸಂಕಟ. ಜ್ವರವಿದ್ದಾಗ, ಆಂಟಿಬಯಾಟಿಕ್ ನಡೆಯುತ್ತಿದ್ದಾಗ ಈ ಇಂಜೆಕ್ಷನ್ ತಡೆಹಿಡಿದು ಬರೆದುಕೊಟ್ಟ ಡಾಕ್ಟರಿಗೆ ಫೋನು ಮಾಡಬೇಕು ಅನ್ನುವುದು ಪೆಟ್ಟಿಗೆಯೊಳಗಿನ ಮಡಿಕೆ ಕಾಗದದಲ್ಲೇ ಇತ್ತು. ಸಣ್ಣ ಅಕ್ಷರ ಅಂತ ನಾನು ಅದನ್ನು ಬಿಡಿಸಿಯೇ ನೋಡಿರಲಿಲ್ಲ.

ಡಿಸೆಂಬರ್ ಮೊದಲ ವಾರ ಒಂದು ರಾತ್ರಿ ಬಲ ಪಕ್ಕೆಯಲ್ಲಿ ಚಳಕು ಹಿಡಿಯಿತು. ಉಸಿರು ಪೂರ್ತಿ ಎಳೆದುಕೊಂಡರೆ ಚಾಕು ಆಡಿಸಿದ ಹಾಗೆ. ಬೆಳಗಿನ ಜಾವದ ಬಸ್ಸಿಗೆ ಯಜಮಾನರು ಬೆಂಗಳೂರಿಗೆ ಕರೆದುಕೊಂಡು ಹೊರಟರು. ಆಸ್ಪತ್ರೆಯ ಎಕ್ಸ್‌ರೇಯಲ್ಲಿ ಬಲಗಡೆಯ ಅರ್ಧಭಾಗ ಬಿಳಿಚಿಕೊಂಡಿತ್ತು. ಶ್ವಾಸಕೋಶದ ಹೊದಿಕೆಯೊಳಗೆ ನೀರು ತುಂಬಿದೆ ಅಂದರು.

ನೀರು ತೆಗೆಯುವಾಗ ಸ್ಟೂಲಿನ ಮೇಲೆ ಕೂರಿಸಿದರು. ಎದುರಿನ ಮೇಜಿನ ಮೇಲೆ ದಿಂಬು ಇಟ್ಟು ಅದನ್ನು ಅಪ್ಪಿಕೊಂಡು ಬಗ್ಗಲು ಹೇಳಿದರು. ಬೆನ್ನಿಗೆ ತಣ್ಣನೆಯ ಔಷಧಿ ಒರೆಸಿ, ಮರಗಟ್ಟಿಸುವ ಸೂಜಿ ಕೊಟ್ಟು, ಪಕ್ಕೆಲುಬುಗಳ ನಡುವೆ ದಪ್ಪ ಸೂಜಿ ಇಳಿಸಿದರು. ‘ಕೆಮ್ಮಬೇಡಿ ಮೇಡಂ, ಅಲ್ಲಾಡಬೇಡಿ’ ಅಂತ ಸಿಸ್ಟರ್ ನನ್ನ ಎರಡೂ ಮುಂಗೈ ಹಿಡಿದಿದ್ದರು. ನೋವಿಗಿಂತ ಹೆಚ್ಚಾಗಿ ಬೆನ್ನೊಳಗೆ ಏನೋ ಎಳೆಯುತ್ತಿರುವ ಭಾವನೆ. ಬಾಟಲಿಗೆ ಇಳಿಯುತ್ತಿದ್ದ ನೀರು ಒಣ ಭತ್ತದ ಹುಲ್ಲಿನ ಬಣ್ಣದ್ದು, ಕನ್ನಡಿಯಷ್ಟು ತಿಳಿ. 900 ಮಿಲಿಲೀಟರ್ ಆಯಿತು. ಆ ನೀರಿನ ಪರೀಕ್ಷೆ, ಕತ್ತಿನಲ್ಲಿ ಬಟಾಣಿ ಗಾತ್ರಕ್ಕೆ ಎದ್ದಿದ್ದ ಗಡ್ಡೆಯಿಂದ ತೆಗೆದ ಮಾದರಿಯ ಪರೀಕ್ಷೆ ಎರಡೂ ಒಂದೇ ಕಡೆಗೆ ಬೆರಳು ತೋರಿಸಿದವು. ಕ್ಷಯ.

ಕೀಲಿನ ಡಾಕ್ಟರು ವಾರ್ಡಿಗೆ ಬಂದು ಹಾಸಿಗೆಯ ಪಕ್ಕ ಕೂತರು. ನನ್ನ ಲೆಕ್ಕದ ಬುದ್ಧಿಗೆ ಅರ್ಥವಾಗಲಿ ಅಂತಲೋ ಏನೋ, ಚೀಟಿಯ ಹಿಂದೆ ಒಂದು ಚುಕ್ಕೆ ಇಟ್ಟು ಸುತ್ತ ವೃತ್ತ ಬರೆದರು. ‘ಕ್ಷಯದ ಕ್ರಿಮಿ ಒಳಗೆ ಬಂದ ಎಲ್ಲರಿಗೂ ಕಾಯಿಲೆ ಬರಲ್ಲ. ದೇಹ ಅದರ ಸುತ್ತ ಹೀಗೆ ಗೋಡೆ ಕಟ್ಟಿ ಕೂಡಿಹಾಕುತ್ತೆ. ವರ್ಷಗಟ್ಟಲೆ ಹಾಗೇ ಇರಬಹುದು. ಆ ಗೋಡೆಗೆ ಗಾರೆ ಇದ್ದ ಹಾಗೆ ಟಿಎನ್‌ಎಫ್ ಅನ್ನೋ ವಸ್ತು. ನಿಮ್ಮ ಕೀಲು ಊದಿಸ್ತಾ ಇದ್ದಿದ್ದೂ ಅದೇ. ಇಂಜೆಕ್ಷನ್ ಅದನ್ನ ಕಟ್ಟಿಹಾಕುತ್ತೆ. ಕೀಲು ಇಳೀತು, ಇಲ್ಲಿ ಗೋಡೆ ಕುಸೀತು.’ 2001ರಲ್ಲೇ, ಇದೇ ಗುಂಪಿನ ಇನ್‌ಫ್ಲಿಕ್ಸಿಮ್ಯಾಬ್ ತೆಗೆದುಕೊಂಡ 70 ಜನರಿಗೆ ಕ್ಷಯ ಬಂದದ್ದು ವರದಿಯಾಗಿತ್ತಂತೆ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಶ್ವಾಸಕೋಶದ ಹೊರಗೆ. ಕೆಮ್ಮೇ ಇಲ್ಲದ ಕ್ಷಯ ಹೇಗೆ ಬಂತು ಅನ್ನುವುದು ನನಗೆ ಆಗ ತಿಳಿಯಿತು.

ಕೊನೆಗೆ ಅವರು ಮತ್ತೆ ಕೇಳಿದರು. ‘ನಿಜವಾಗ್ಲೂ ಮನೇಲಿ ಯಾರಿಗೂ ಇರ್ಲಿಲ್ವಾಮ್ಮಾ?’

ಗಂಜಿಯ ಫ್ಲಾಸ್ಕು ಹಿಡಿದು ಅಮ್ಮ ಮಂಚದ ಕಾಲ ಬಳಿ ನಿಂತಿದ್ದಳು. ನಾನು ‘ಇಲ್ಲ’ ಅನ್ನುತ್ತಿದ್ದಾಗ ಅವಳು ಕಿಟಕಿಯ ಕಡೆ ತಿರುಗಿಕೊಂಡಳು. ರಾತ್ರಿ ವಾರ್ಡಿನ ದೀಪ ಆರಿಸಿದ ಮೇಲೆ ಮೆಲ್ಲಗೆ ಅಂದಳು. ‘ನಿನ್ ಚಿಕ್ಕಪ್ಪಂಗೆ ಇತ್ತು ಕಣೆ.’

ನನಗೆ ಒಂದೊಂದೇ ನೆನಪಾಗತೊಡಗಿತು. ನನಗಾಗ ಎಂಟು ವರ್ಷ. ನಡುಮನೆಯಲ್ಲಿ ಚಾಪೆ ಹಾಸಿ ಎಲ್ಲರೂ ಸಾಲಾಗಿ ಮಲಗುತ್ತಿದ್ದೆವು. ಚಿಕ್ಕಪ್ಪ ನನಗೆ ಮಗ್ಗಿ ಹೇಳಿಸುತ್ತ ಮಲಗಿಸುತ್ತಿದ್ದ. ಹದಿನೇಳರ ಮಗ್ಗಿಯ ನಡುವೆ ಕೆಮ್ಮು ಬಂದರೆ ನಿಲ್ಲುತ್ತಲೇ ಇರಲಿಲ್ಲ. ಒಂದು ದಿನದಿಂದ ಅವನ ಹಾಸಿಗೆ ಜಗಲಿಗೆ ಹೋಯಿತು. ಅವನ ಅಲ್ಯುಮಿನಿಯಂ ಲೋಟ, ತಟ್ಟೆ ಕಿಟಕಿಯ ಕಟ್ಟೆಯ ಮೇಲೆ ಬೇರೆ ಕೂತವು. ಅದಾದ ಮೇಲೆ ಅವನು ಮೈಸೂರಿಗೆ ಹೋದ, ಎಂಟು ತಿಂಗಳು ಬರಲಿಲ್ಲ. ಓದುವುದಕ್ಕೆ ಹೋಗಿದ್ದಾನೆ ಅಂತ ನಮಗೆ ಹೇಳಿದ್ದರು. ಅವನು ಇದ್ದದ್ದು ಪಿಕೆಟಿಬಿ ಸ್ಯಾನಿಟೋರಿಯಮ್ಮಿನಲ್ಲಿ. ಕ್ಷಯದಿಂದ ತೀರಿಕೊಂಡ ರಾಜಕುಮಾರಿ ಕೃಷ್ಣಾಜಮ್ಮಣ್ಣಿ ಅವರ ಹೆಸರಿನ ಆಸ್ಪತ್ರೆ ಅದು. ಅರಮನೆಯವರು ಮಗಳ ಹೆಸರನ್ನು ಆ ಕಾಯಿಲೆಯ ಆಸ್ಪತ್ರೆಗೇ ಇಟ್ಟರು, ನಮ್ಮ ಮನೆಯಲ್ಲಿ ಕಾಯಿಲೆಯ ಹೆಸರನ್ನೇ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ‘ಎದೆ ಸರಿ ಇಲ್ಲ’ ಅನ್ನುತ್ತಿದ್ದರು, ಅಷ್ಟೇ.

‘ಯಾಕಮ್ಮ ಹೇಳ್ಲಿಲ್ಲ?’ ಅಂತ ಕೇಳಿದೆ. ‘ಹೆಣ್ಮಕ್ಳಿರೋ ಮನೆ. ಊರಿಗೆ ಗೊತ್ತಾಗಿದ್ರೆ ನಿಮ್ಮನ್ನ ಯಾರು ತಗೋತಿದ್ರು? ಆಮೇಲೆ ಮರ್ತೇ ಹೋಯ್ತು.’ ಅಮ್ಮನ ಮೇಲೆ ಸಿಟ್ಟು ಬರಲಿಲ್ಲ. ಆ ಕಾಲದಲ್ಲಿ ಅವಳು ಇನ್ನೇನು ಮಾಡಬಹುದಿತ್ತು? ಆದರೆ ಆ ಒಂದು ಮಾತು ಜೂನ್ ತಿಂಗಳಲ್ಲೇ ಗೊತ್ತಿದ್ದಿದ್ದರೆ, ಮಾಂಟೂ ಏನೇ ಹೇಳಲಿ, ಇಂಜೆಕ್ಷನ್ನಿಗೆ ಮೊದಲೇ ಮುಂಜಾಗ್ರತೆಯ ಮಾತ್ರೆ ಶುರು ಮಾಡಿಸುತ್ತಿದ್ದೆ ಅಂತ ಡಾಕ್ಟರು ಮರುದಿನ ಹೇಳಿದರು. ಸುಪ್ತ ಕ್ಷಯಕ್ಕೆ ಐಸೋನಿಯಾಜಿಡ್ ಆರು ತಿಂಗಳು, ಅಥವಾ ಇನ್ನೊಂದು ಔಷಧಿ ಸೇರಿಸಿ ವಾರಕ್ಕೊಮ್ಮೆಯಂತೆ ಹನ್ನೆರಡು ವಾರ. ಕನಿಷ್ಠ ಒಂದು ತಿಂಗಳು ಅದು ಹೊಟ್ಟೆಗೆ ಬಿದ್ದ ಮೇಲೆ ಬಯಲಾಜಿಕ್. ಕ್ರಿಮಿ ಚಿಕ್ಕಪ್ಪನಿಂದಲೇ ಬಂತೋ, ಆಮೇಲೆ ಬಸ್ಸಿನಲ್ಲೋ ಕ್ಲಾಸಿನಲ್ಲೋ ಸೇರಿತೋ, ಅದನ್ನು ಯಾರೂ ಖಚಿತವಾಗಿ ಹೇಳಲಾರರು ಅಂತಲೂ ಅಂದರು.

ಇಂಜೆಕ್ಷನ್ ಅಂದೇ ನಿಂತಿತು. ನನ್ನ ಹೆಸರು ಸರ್ಕಾರದ ನಿಕ್ಷಯ್ ಪಟ್ಟಿಗೆ ಸೇರಿತು. ತೂಕಕ್ಕೆ ತಕ್ಕಂತೆ ದಿನಕ್ಕೆ ಮೂರು ದಪ್ಪ ಮಾತ್ರೆ, ಎರಡು ತಿಂಗಳು ನಾಲ್ಕು ಔಷಧಿ ಸೇರಿದ್ದು, ಆಮೇಲೆ ನಾಲ್ಕು ತಿಂಗಳು ಮೂರು ಔಷಧಿಯದು. ಎಲ್ಲವೂ ಉಚಿತ. ಪೌಷ್ಟಿಕ ಆಹಾರಕ್ಕೆ ಅಂತ ಆಗ ತಿಂಗಳಿಗೆ 500 ರೂಪಾಯಿ ಖಾತೆಗೆ ಬರುತ್ತಿತ್ತು. 2024ರ ನವೆಂಬರಿನಿಂದ ಅದು 1000 ಆಗಿದೆ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಹೆದರಬೇಡಿ ಅಂತ ಮೊದಲೇ ಹೇಳಿದ್ದ ಆಶಾ ಕಾರ್ಯಕರ್ತೆಯನ್ನು ನೆನೆಯುತ್ತೇನೆ. ಆಕೆ ಮನೆಗೆ ಬಂದಾಗ ಅತ್ತೆ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದರು, ಪಕ್ಕದ ಮನೆಯವರಿಗೆ ಕಾಣಬಾರದು ಅಂತ. ಮೂರನೇ ಸಲ ನಾನೇ ಹೋಗಿ ಬಾಗಿಲು ಪೂರ್ತಿ ತೆರೆದೆ.

ಎಲ್ಲಕ್ಕಿಂತ ಕಷ್ಟದ ದಿನಗಳು ಆಮೇಲೆ ಬಂದವು. ಇಂಜೆಕ್ಷನ್ ಇಲ್ಲ, ಯಕೃತ್ತಿಗೆ ಹೊರೆಯಾದೀತು ಅಂತ ಮೆಥೋಟ್ರೆಕ್ಸೇಟೂ ಇಲ್ಲ. ಎರಡು ಮೂರು ವಾರದಲ್ಲಿ ಬೆರಳುಗಳೆಲ್ಲ ಮೊದಲಿಗಿಂತ ಹೆಚ್ಚು ಊದಿದವು. ಮಾತ್ರೆಯ ಶೀಟು ಒತ್ತಿ ಮಾತ್ರೆ ಹೊರತೆಗೆಯಲು ಬಲವಿಲ್ಲದೆ ಮಗನನ್ನು ಕರೆಯುತ್ತಿದ್ದೆ. ಕೊಟ್ಟಿದ್ದ ಸ್ಟೆರಾಯ್ಡ್ ಹತ್ತುತ್ತಲೇ ಇರಲಿಲ್ಲ. ಕ್ಷಯದ ಮಾತ್ರೆಯಲ್ಲಿರುವ ರಿಫಾಂಪಿಸಿನ್ ದೇಹದಲ್ಲಿ ಸ್ಟೆರಾಯ್ಡನ್ನು ಬೇಗ ಕರಗಿಸಿಬಿಡುತ್ತದಂತೆ. ಅದರ ಪ್ರಮಾಣ ಏರಿಸಬೇಕಾಯಿತು.

ಆರನೇ ವಾರ ಇನ್ನೊಂದು ಪೆಟ್ಟು. ಕತ್ತಿನ ಗಡ್ಡೆ ನಿಂಬೆಹಣ್ಣಿನಷ್ಟಾಯಿತು, ಬಿಟ್ಟಿದ್ದ ಜ್ವರ ಮರಳಿ ಬಂತು. ಮದ್ದಿಗೆ ಬಗ್ಗದ ಕ್ಷಯವೇ ಇರಬೇಕು ಅಂತ ನಾನು ಮನಸ್ಸಿನಲ್ಲೇ ತೀರ್ಮಾನಿಸಿಕೊಂಡುಬಿಟ್ಟೆ. ಮಗನಿಗೆ ಹತ್ತು ವರ್ಷ. ಅವನ ಅಂಕಪಟ್ಟಿ, ನನ್ನ ಪಾಲಿಸಿ, ಬ್ಯಾಂಕಿನ ಪುಸ್ತಕ ಎಲ್ಲ ಒಂದು ಚೀಲಕ್ಕೆ ಹಾಕಿ ಯಜಮಾನರಿಗೆ ಜಾಗ ತೋರಿಸಿದೆ. ಅವರು ಚೀಲವನ್ನು ತೆಗೆದು ಮೇಲಿನ ಅಟ್ಟದ ಮೇಲಿಟ್ಟರು, ನನ್ನ ಕೈಗೆ ಎಟುಕದ ಹಾಗೆ. ಮತ್ತೆ ಪರೀಕ್ಷೆಗಳಾದವು. ಮದ್ದು ಸರಿಯಾಗಿಯೇ ಕೆಲಸ ಮಾಡುತ್ತಿತ್ತು. ಇಂಜೆಕ್ಷನ್ ನಿಲ್ಲಿಸಿದ್ದರಿಂದ ಇಷ್ಟು ದಿನ ಕಟ್ಟಿಹಾಕಿದ್ದ ರೋಗನಿರೋಧಕ ಶಕ್ತಿ ಒಮ್ಮೆಲೇ ಎಚ್ಚೆತ್ತು, ಸತ್ತ ಮತ್ತು ಸಾಯುತ್ತಿದ್ದ ಕ್ರಿಮಿಗಳ ಮೇಲೆ ಎರಗಿತ್ತು. ಅದರ ಊತ ಅದು. ಗುಣವಾಗುವ ದಾರಿಯಲ್ಲೇ ಹೀಗೆ ಕೆಡುವುದುಂಟು ಅಂತ ಯಾರಾದರೂ ಮೊದಲೇ ಹೇಳಿದ್ದರೆ ಆ ಹತ್ತು ರಾತ್ರಿಗಳನ್ನು ನಾನು ಹಾಗೆ ಕಳೆಯಬೇಕಿರಲಿಲ್ಲ. ಮಾತ್ರೆ ಬಿಡಲಿಲ್ಲ. 2019ರ ಜೂನಿಗೆ ಕೋರ್ಸ್ ಮುಗಿಯಿತು. ಅಷ್ಟರಲ್ಲಿ ತೂಕ 51ಕ್ಕೆ ಬಂದಿತ್ತು.

ಅದೇ ವರ್ಷದ ಕೊನೆಗೆ ಮತ್ತೆ ಬಯಲಾಜಿಕ್ ಶುರು ಮಾಡಿದೆ. ಈ ಸಲ ಎಟನರ್‌ಸೆಪ್ಟ್, ಇದರಲ್ಲಿ ಕ್ಷಯ ಕೆರಳುವ ಅಪಾಯ ಅಡಾಲಿಮುಮ್ಯಾಬಿಗಿಂತ ಕಡಿಮೆ. ‘ಮತ್ತೆ ಅದೇ ಬೆಂಕಿಗೆ ಕೈ ಹಾಕ್ತೀಯಾ?’ ಅಂತ ಅಣ್ಣ ಬೈದ. ಆದರೆ ಬಲಗೈಯೂ ಎಡಗೈಯ ಹಾಗಾಗುವುದನ್ನು ನೋಡುತ್ತ ಕೂರಲು ನನಗೆ ಸಾಧ್ಯವಿರಲಿಲ್ಲ. ಈ ಸಲ ಮಡಿಕೆ ಕಾಗದ ಬಿಡಿಸಿ, ಮಗನ ಭೂತಗನ್ನಡಿ ಹಿಡಿದು ಪೂರ್ತಿ ಓದಿದೆ.

ಈಗ ನನ್ನ ಪರ್ಸಿನಲ್ಲಿ ಒಂದು ಕಾರ್ಡಿದೆ. ಔಷಧಿಯ ಹೆಸರು, ಕೊನೆಯ ಡೋಸಿನ ತಾರೀಖು, ಆಗಿಹೋದ ಕ್ಷಯ, ಡಾಕ್ಟರ ಫೋನ್ ನಂಬರು. ಹಲ್ಲು ಕೀಳಿಸಲು ಹೋದರೂ ಮೊದಲು ಅದನ್ನೇ ಮೇಜಿನ ಮೇಲಿಡುತ್ತೇನೆ. 100 ಡಿಗ್ರಿ ದಾಟಿದರೆ ಆ ವಾರದ ಇಂಜೆಕ್ಷನ್ ಇಲ್ಲ, ಫೋನು ಮಾಡಿ ಕೇಳಿಯೇ ಮುಂದಿನದು. ನ್ಯುಮೋನಿಯಾ ಲಸಿಕೆ ಹಾಕಿಸಿಕೊಂಡಿದ್ದೇನೆ, ಫ್ಲೂ ಲಸಿಕೆ ಪ್ರತಿ ವರ್ಷ. ಜೀವಂತ ರೋಗಾಣುವಿನಿಂದ ಮಾಡಿದ ಲಸಿಕೆಗಳು, ಅಂದರೆ ದಡಾರದ್ದು, ಸೀತಾಳೆ ಸಿಡುಬಿನದು, ಬಿಸಿಜಿ, ಇವು ನಮ್ಮಂಥವರಿಗೆ ಕೂಡದು. ಕ್ಲಾಸಿನಲ್ಲಿ ಯಾವುದಾದರೂ ಮಗುವಿಗೆ ‘ಅಮ್ಮ’ ಎದ್ದರೆ ಅಂದೇ ಡಾಕ್ಟರಿಗೆ ತಿಳಿಸುತ್ತೇನೆ. ಓಪಿಡಿ ಸಾಲಿನಲ್ಲಿ ಪರಿಚಯವಾದ ಒಬ್ಬ ಬಸುರಿ ಹೆಂಗಸಿಗೆ ಡಾಕ್ಟರು ಹೇಳುತ್ತಿದ್ದದ್ದನ್ನೂ ಇಲ್ಲಿ ಬರೆಯಲೇಬೇಕು. ಬಸಿರಿನ ಕೊನೆಯ ತಿಂಗಳುಗಳಲ್ಲಿ ಇಂಥ ಇಂಜೆಕ್ಷನ್ ತೆಗೆದುಕೊಂಡಿದ್ದರೆ ಅದು ಮಗುವಿನ ಮೈಗೂ ದಾಟಿರುತ್ತದೆ, ನಮ್ಮಲ್ಲಿ ಹುಟ್ಟಿದ ಕೂಡಲೇ ಹಾಕುವ ಬಿಸಿಜಿಯನ್ನು ಡಾಕ್ಟರನ್ನು ಕೇಳದೆ ಹಾಕಿಸಬಾರದು.

ತವರಿಗೆ ಹೋದಾಗ ಶಕ್ತಿ ಬರಲಿ ಅಂತ ಅಮ್ಮ ಕರೆದ ಬಿಸಿಯ ನೊರೆಹಾಲನ್ನೇ ಲೋಟದಲ್ಲಿ ಹಿಡಿಯುತ್ತಿದ್ದಳು. ಕಾಯಿಸದ ಹಾಲಿನಲ್ಲಿ ಬ್ರುಸೆಲ್ಲಾ ಮುಂತಾದ ರೋಗಾಣುಗಳು ಬರುತ್ತವೆ, ದನದ ಕ್ಷಯವೂ ಬರಬಹುದು. ಈಗ ಉಕ್ಕು ಬರುವವರೆಗೆ ಅವಳೇ ಒಲೆಯ ಮುಂದೆ ನಿಂತಿರುತ್ತಾಳೆ.

ಒಂದು ಸಲ ಫ್ರಿಜ್ಜಿನ ಹಿಂಬದಿಗೆ ಸರಿದ ಸಿರಿಂಜು ಫ್ರೀಜರಿನ ತಟ್ಟೆಗೆ ಅಂಟಿ ಹೆಪ್ಪುಗಟ್ಟಿತ್ತು. ಹೊರಗಿಟ್ಟೆ, ಹತ್ತು ನಿಮಿಷದಲ್ಲಿ ಕರಗಿತು, ನೋಡಲು ಮೊದಲಿನ ಹಾಗೇ ತಿಳಿಯಾಗಿತ್ತು. 2ರಿಂದ 8 ಡಿಗ್ರಿಯಲ್ಲಿ ಇರಬೇಕಾದ ಔಷಧಿ ಅದು, ಒಮ್ಮೆ ಹೆಪ್ಪುಗಟ್ಟಿದರೆ ಕರಗಿದ ಮೇಲೂ ಬಳಸುವಂತಿಲ್ಲ. ದುಡ್ಡಿನ ಸಂಕಟಕ್ಕೆ ಅರ್ಧ ಗಂಟೆ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದೆ. ಕೊನೆಗೆ ಔಷಧಿ ಅಂಗಡಿಯವರ ಸೂಜಿ ಡಬ್ಬಕ್ಕೆ ಹಾಕಿ ಬಂದೆ. ಈಗ ಫ್ರಿಜ್ಜಿನ ನಡು ತಟ್ಟೆಯಲ್ಲಿ ಅದಕ್ಕೊಂದು ಸ್ಟೀಲಿನ ಟಿಫಿನ್ ಡಬ್ಬಿ ಇದೆ. ಯಾರೂ ಅದನ್ನು ಅತ್ತಿತ್ತ ಸರಿಸುವುದಿಲ್ಲ.

ಚಿಕ್ಕಪ್ಪ ಗಟ್ಟಿಮುಟ್ಟಾಗಿದ್ದಾನೆ, ತೆಂಗಿನ ತೋಟ ನೋಡಿಕೊಳ್ಳುತ್ತಾನೆ. ನನ್ನ ಕಾಯಿಲೆಯ ವಿಷಯ ಕೇಳಿ ಬಂದವನು ತುಂಬ ಹೊತ್ತು ಸುಮ್ಮನೆ ಕೂತಿದ್ದು, ‘ನನ್ ಹೆಸರು ಹೇಳು ಪರವಾಗಿಲ್ಲ, ಯಾರು ಕೇಳಿದ್ರೂ ಹೇಳು’ ಅಂದ. ಅವನ ಒಪ್ಪಿಗೆಯಿಂದಲೇ ಇದನ್ನು ಬರೆದಿದ್ದೇನೆ.

ನಿಮಗೋ ನಿಮ್ಮವರಿಗೋ ಈ ಇಂಜೆಕ್ಷನ್ ಬರೆದಿದ್ದರೆ, ಮೊದಲ ಡೋಸಿಗೆ ಮುಂಚೆ ಮನೆಯ ಹಿರಿಯರ ಹತ್ತಿರ ಒಂದು ಸಂಜೆ ಕೂತು ಕೇಳಿ. ಟಿಬಿ ಇತ್ತಾ ಅಂತ ಕೇಳಿದರೆ ಇಲ್ಲ ಅಂದಾರು. ಯಾರು ತಿಂಗಳುಗಟ್ಟಲೆ ಕೆಮ್ಮುತ್ತಿದ್ದರು, ಯಾರ ಲೋಟ ತಟ್ಟೆ ಬೇರೆ ಇಟ್ಟಿದ್ದಿರಿ ಅಂತ ಕೇಳಿ.